ಮೊಬೈಲಿನ ಪದಾರ್ಥ

ಘಟ್ಟದ ಮೇಲಿನವರಿಗೆ ಪದಾರ್ಥವೆಂದರೆ ಯಾವುದೇ ವಸ್ತು. ನಮ್ಮ ಮಂಗಳೂರಿನಲ್ಲಿ ಅದು ಅನ್ನಕ್ಕೆ ಕಲಸಿಕೊಳ್ಳುವ ಸಾರು, ಗಸಿ, ಪುಳಿಮುಂಚಿ. ಇಲ್ಲಿ ಇಬ್ಬರು ಎದುರಾದರೆ ದೇಶದ ಸ್ಥಿತಿಗತಿಗಿಂತ ಮೊದಲು ವಿಚಾರಿಸುವುದು ಇದನ್ನೇ: "ಇವತ್ತು ಎಂತ ಪದಾರ್ಥ?" ಈ ಪದಕ್ಕೆ ಒಂದೇ ಅರ್ಥವಿದ್ದಿದ್ದರೆ, ನೋಡಿ, ನನ್ನ ಬಂಗುಡೆ ಮೀನು ಸೀಯುತ್ತಿರಲಿಲ್ಲ.

ಆ ಭಾನುವಾರ (ಭಾನುವಾರವೇ ಎಂದು ನೆನಪು ಹಟ ಹಿಡಿಯುತ್ತದೆ, ಹೆಂಡತಿ ಸುಮತಿ ಕದ್ರಿಯ ಆಫೀಸಿಗೆ ಹೋಗಿದ್ದಳಾದ್ದರಿಂದ ನಾನು ಅದನ್ನು ನಂಬುವುದಿಲ್ಲ) ಗಲ್ಫಿನಿಂದ ಬಂದಿದ್ದ ಅವಳ ಅಣ್ಣ ಸದಾನಂದ ಭಾವ ಜೆಪ್ಪುವಿನ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ನನಗೆಂದು ಹೊಸ ಫೋನ್ ತರುತ್ತಾರೆಂಬ ಸುದ್ದಿಯೂ ಇತ್ತು. ಮೀನು ತಂದು ಪದಾರ್ಥ ಮಾಡುವ ಹೊಣೆ ನನ್ನದು. ಬಂಗುಡೆಯನ್ನು ಒಲೆಗೇರಿಸಿಯೂ ಇದ್ದೆ, ಆದರೆ ಕೈಯಲ್ಲಿ ದಪ್ಪ ಪುಸ್ತಕವಿತ್ತು: ಮೊಬೈಲಿನ ಹೊಟ್ಟೆಯೊಳಗಿನ ಕೋಬಾಲ್ಟಿನಂಥ ಖನಿಜಗಳಿಗಾಗಿ ಯಾವ ದೇಶ ಯಾವ ದೇಶದ ಕುತ್ತಿಗೆ ಹಿಡಿದಿದೆ, ಯಾರ ಮಕ್ಕಳು ಗಣಿಗೆ ಇಳಿಯುತ್ತಾರೆ ಎಂಬ ವೃತ್ತಾಂತ. ಅರ್ಧ ಓದುವಷ್ಟರಲ್ಲಿ ಭಾವನ ಉಡುಗೊರೆಯನ್ನು ನಿರಾಕರಿಸುವ ಧೀರೋದಾತ್ತ ನಿರ್ಧಾರಕ್ಕೆ ಬಂದಿದ್ದೆ. ಆಗ ಸುಮತಿಯ ಕರೆ.

"ಎಂತ ಪದಾರ್ಥ?"

"ಕೋಬಾಲ್ಟ್," ಎಂದೆ, ಪುಟದಿಂದ ಕಣ್ಣು ತೆಗೆಯದೆ.

"ಅದು ಯಾವ ಮೀನು ಮಾರಾಯ್ರೆ?"

(ಅವಳ ಪ್ರಕಾರ ಅವಳು ಕೇಳಿದ್ದು "ಸೀದ ವಾಸನೆ ಬರ್ತಾ ಉಂಟಾ?" ಎಂದು. ಫೋನಿನಲ್ಲಿ ವಾಸನೆ ಹೋಗುವುದಿಲ್ಲವಾದ್ದರಿಂದ ನನ್ನ ಪಾಠವನ್ನೇ ಉಳಿಸಿಕೊಂಡಿದ್ದೇನೆ.)

ಕರೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಭಾವ, ಒಲೆಯ ಮೇಲೆ ಇದ್ದಿಲಾದ ಬಂಗುಡೆ. ಹೊಸ ಫೋನಿನ ಡಬ್ಬಿ ಚಾಚಿದ ಅವರ ಕೈಯೆದುರೇ ಜಾಗತಿಕ ರಾಜಕಾರಣದ ಕುರಿತು ನಿಂತು ಮಾತಾಡಿದೆ. ಕಸ್ಟಮ್ಸಿನವರ ಮುಂದೆಯೂ ಬಾಡದ ಅವರ ಮುಖ ನಮ್ಮ ಹೊಸ್ತಿಲಲ್ಲಿ ಬಾಡಿತು.

"ನಿಮಗೆಂದೇ ತಂದದ್ದು ಮಾರಾಯ್ರೆ. ಬೇಡವಾದ್ರೆ ಬೇಡ." ಮೂಗು ಅರಳಿಸಿದರು. "ಊಟಕ್ಕೆ ಎಂತ ಉಂಟು?"

ತತ್ವವೊಂದಿತ್ತು, ಅನ್ನದ ಜೊತೆ ಅದನ್ನು ಕಲಸಿಕೊಳ್ಳಲಾಗದು. ಹೋಟೆಲಿನಿಂದ ಮೀನೂಟ ತರಿಸಲು ನನ್ನ ಹಳೆಯ ಫೋನ್ ಎತ್ತಿಕೊಂಡೆ. ಬ್ಯಾಟರಿ ಆ ಗಳಿಗೆಯಲ್ಲೇ ಪ್ರಾಣ ಬಿಟ್ಟಿತು. ಭಾವ ಡಬ್ಬಿ ಬಿಚ್ಚಿ, ನನ್ನ ಸಿಮ್ಮನ್ನು ಹೊಸದಕ್ಕೆ ತುರುಕಿ, ಕೈಗಿತ್ತರು.

"ಮೊದಲು ಊಟ ತರಿಸಿ ಮಾರಾಯ್ರೆ. ಬಾಕಿ ಭಾಷಣ ಆಮೇಲೆ."

ತರಿಸಿದೆ. ಉಂಡೆವು. ಭಾವನ ಮುಖ ಮತ್ತೆ ಅರಳಿತು. ಭಾಷಣದ ಬಾಕಿ ಮಾತ್ರ ಹಾಗೇ ಉಳಿಯಿತು, ಫೋನೂ ಉಳಿಯಿತು.

ಮರುದಿನ ಸುಮತಿಯ ಕರೆ ಬಂದದ್ದು ಆ ಹೊಸ ಫೋನಿಗೇ. "ಎಂತ ಪದಾರ್ಥ?"

ಒಲೆಯತ್ತ ನೋಡಿದೆ, ಆಮೇಲೆ, ಕಿವಿಯಿಂದ ತೆಗೆದು, ಕೈಯಲ್ಲಿ ಬೆಚ್ಚಗಾಗಿದ್ದ ಫೋನನ್ನು ನೋಡಿದೆ.

"ಬಂಗುಡೆ," ಎಂದೆ.

ಸುಳ್ಳಲ್ಲ, ಒಲೆಯ ಮಟ್ಟಿಗೆ.