ಕೈ ಮರಗಟ್ಟಿದ್ದ ಹೊತ್ತು

ಆಸ್ಪತ್ರೆಗೆ ಹೊರಟ ಮಗುವನ್ನು ಬರಿಹೊಟ್ಟೆಯಲ್ಲಿ ಕಳಿಸುವವರು ನಮ್ಮ ಕಡೆ ಯಾರೂ ಇರಲಿಲ್ಲ. ದಾರಿ ದೂರ, ಅಲ್ಲಿ ಏನು ಕೊಡುತ್ತಾರೋ ಎಂದು ಗಂಟಲತನಕ ಮುದ್ದೆ ತಿನ್ನಿಸಿಯೇ ಗಾಡಿ ಹತ್ತಿಸುತ್ತಿದ್ದರು. ಕೊಳ್ಳೇಗಾಲದ ಡಾಕ್ಟರಿಗೆ ಅದೇ ತಲೆನೋವು. ತುಂಬಿದ ಹೊಟ್ಟೆಯಲ್ಲಿ ಕ್ಲೋರೋಫಾರಂ ಕೊಟ್ಟು ಎಚ್ಚರ ತಪ್ಪಿಸಿದರೆ ಮಗು ವಾಂತಿ ಮಾಡಿಕೊಂಡು ಉಸಿರು ಕಟ್ಟೀತು. ಅದಕ್ಕೆ ಕೈ ಮುರಿದ ಮಕ್ಕಳಿಗೆ ಕಂಕುಳಲ್ಲಿ ಇಂಜೆಕ್ಷನ್ ಕೊಟ್ಟು ಆ ಕೈಯನ್ನಷ್ಟೇ ಮರಗಟ್ಟಿಸುತ್ತಿದ್ದರು. ಮಗುವಿಗೆ ಎಚ್ಚರವಿರುತ್ತಿತ್ತು. ಅದು ಕೈ ನೋಡದಂತೆ ಯಾರಾದರೂ ಮಾತಾಡಿಸುತ್ತ ಕೂರಬೇಕು. ಡಾಕ್ಟರು ತಮಿಳಿನವರು, ಕನ್ನಡ ಅಷ್ಟಕ್ಕಷ್ಟೆ. ಆ ಕೆಲಸ ಆಯಾ ಆಗಿದ್ದ ನನ್ನ ತಲೆಗೆ ಬಿತ್ತು.

ನನಗೋ ಮಾತೇ ಮರೆತುಹೋಗಿತ್ತು. ಗಂಡ ಸತ್ತ ಮೇಲೆ ಒಂಟಿಕೋಣೆಯಲ್ಲಿದ್ದೆ. ನೆಲ ಒರೆಸು, ಬಿಸಿನೀರು ತಾ ಎನ್ನುವುದು ಬಿಟ್ಟರೆ ನನ್ನೊಡನೆ ಯಾರೂ ಏನೂ ಆಡುತ್ತಿರಲಿಲ್ಲ.

ಒಂದು ದಿನ ಮಾಂಬಳ್ಳಿಯಿಂದ ಏಳೆಂಟು ವರ್ಷದ ಹುಡುಗಿ ಬಂದಳು. ಹುಣಸೆಮರದಿಂದ ಬಿದ್ದು ಮುಂಗೈ ಮುರಿದಿತ್ತು. ಅವಳ ಅವ್ವನನ್ನು ಹೊರಗೆ ಕೂರಿಸಿದರು. ಸೂಜಿ ಚುಚ್ಚಿದಾಗ ಚೀರಿದವಳು ಸ್ವಲ್ಪ ಹೊತ್ತಿಗೆ ಸುಮ್ಮನಾದಳು. ಡಾಕ್ಟರು ಮೂಳೆ ಎಳೆದು ಕೂರಿಸುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಇನ್ನೊಂದು ಕೈಯಲ್ಲಿ ನನ್ನ ಬೆರಳು ಹಿಡಿದು, "ನಿಮ್ಮನೇಲಿ ಯಾರವ್ರೆ?" ಎಂದಳು.

ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ ಎಂದುಬಿಟ್ಟೆ. ತಲೆಗೆ ಎಣ್ಣೆ ಹಚ್ಚಲು ಕರೆದರೆ ಓಡುತ್ತಾಳೆ, ಸೊಪ್ಪಿನ ಸಾರು ಮುಟ್ಟುವುದಿಲ್ಲ, ಮಹಾ ಹಟಮಾರಿ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ನಂಬಿದೆ.

ಪಟ್ಟಿ ಕಟ್ಟಿ ಮಂಚಕ್ಕೆ ತಂದ ಮೇಲೂ ಅವಳು ಬೆರಳು ಬಿಡಲಿಲ್ಲ. ಕೈಗೆ ಜೀವ ಬಂದರೆ ನೋವೂ ಬರುತ್ತದೆ, ಆಗ ಅವ್ವ ಬೇಕೆನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಇನ್ನೊಂದಿಷ್ಟು ಹೊತ್ತು ಮರಗಟ್ಟಿಯೇ ಇರಲಿ ಎಂದು ಬಯಸಿದೆ. ಅವಳ ಮೇಲಿನ ಕನಿಕರದಿಂದಲ್ಲ, ನನಗಾಗಿ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಜೆ ನೋವು ಬಂತು, ಅತ್ತಳು. ಅವ್ವನನ್ನು ಒಳಗೆ ಬಿಟ್ಟರು. ಅವ್ವನ ಮಡಿಲಲ್ಲಿ ತಲೆಯಿಟ್ಟು, ಬಿಕ್ಕುತ್ತಲೇ, ನನ್ನ ಮಗಳ ವಿಷಯವನ್ನೆಲ್ಲ ಒಂದೂ ಬಿಡದೆ ಹೇಳಿದಳು. ಇವತ್ತು ನಾನೂ ಇಲ್ಲೇ ಇರುತ್ತೇನೆ ಎಂದೆ. ಆಕೆ ಒಪ್ಪಲಿಲ್ಲ.

"ಬ್ಯಾಡ ಕಣಕ್ಕ, ನಾನಿವ್ನಿ. ನೀ ಮನೆಗೋಗು. ಕೂಸು ದಾರಿ ನೋಡ್ತಾ ಕುಂತಿರ್ತದೆ."

ಹಾಗೆಂದು ಸೆರಗಿನ ಗಂಟು ಬಿಚ್ಚಿ, ಕೂಸಿಗೆ ಕೊಡು ಎಂದು ಒಂದು ಅಚ್ಚು ಬೆಲ್ಲ ನನ್ನ ಕೈಗಿಟ್ಟಳು. ಇಸಕೊಂಡು ಹೊರಟೆ. ಬೇಡ ಎನ್ನುವುದು ಹೇಗೆ, ಮನೆಯಲ್ಲಿ ಮಗಳಿದ್ದಾಳಲ್ಲ.