ಲೋಕೇಶ್ ಮೇಷ್ಟ್ರು ಓದದೇ ಕಳಿಸಿದ ಸಂಬಳ ಚೀಟಿ

ಚಿಕ್ಕಬಾಣಾವರದ ಆಚೆಗಿರುವ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ತಿಂಗಳಿಗೊಮ್ಮೆ ಮೇಷ್ಟ್ರುಗಳೂ ಪಾಠ ಒಪ್ಪಿಸಬೇಕು. ಗುಮಾಸ್ತೆ ವನಜಾ ಮೇಡಂ ಎಲ್ಲರ ಸಂಬಳ ಚೀಟಿ ಪ್ರಿಂಟ್ ತೆಗೆದು ಕೈಗೆ ಕೊಟ್ಟು ಜೋರಾಗಿ ಓದಿಸುತ್ತಾರೆ. ಮೂಲ ವೇತನ, ತುಟ್ಟಿ ಭತ್ಯೆ, ವಿಮೆ ಕಡಿತ, ಎಲ್ಲಾ ಓದಿದ ಮೇಲೆಯೇ ಸಹಿ. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಆಗಲೇ ನಾನು ಅವರ ದೊಡ್ಡ ಅಭಿಮಾನಿ! ನಮ್ಮ ಹೆಡ್‌ಮೇಡಂ ಹುಟ್ಟಿದ ವರ್ಷ ತಪ್ಪಾಗಿ ಬಿದ್ದಿದ್ದನ್ನು ಹಿಡಿದವರು ಇವರೇ. "ಹತ್ತು ವರ್ಷ ಚಿಕ್ಕೋಳಾಗಿದ್ದೆ, ಹಾಳ್ಮಾಡ್ಬಿಟ್ಯಲ್ಲಮ್ಮಾ" ಎಂದು ಹೆಡ್‌ಮೇಡಂ ಇಂದಿಗೂ ರೇಗಿಸುತ್ತಾರೆ.

ಓದದೆ ತಪ್ಪಿಸಿಕೊಳ್ಳುತ್ತಿದ್ದವರು ಪಿ.ಟಿ. ಮೇಷ್ಟ್ರು ಲೋಕೇಶ್ ಒಬ್ಬರೇ. "ನಿಮ್ಮೇಲೆ ನಂಬಿಕೆ ಇದೆ ಮೇಡಂ" ಎನ್ನುತ್ತಾ ಸಹಿ ಗೀಚಿ ಮೈದಾನಕ್ಕೆ ಓಟ.

ಹೋದ ತಿಂಗಳು ವನಜಾ ಮೇಡಂ ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದರು. ಸಂಬಳದ ಬಿಲ್ಲನ್ನು ಬೇರೆ ಯಾರೋ ಮಾಡಿದರು. ಅದೇ ಹೊತ್ತಿಗೆ ಲೋಕೇಶ್‌ಗೆ ಬೊಮ್ಮನಹಳ್ಳಿಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಬಿಂದುಶ್ರೀ ಇವರಿಗೆ ಎಷ್ಟು ಹಿಡಿಸಿದ್ದಳೆಂದರೆ, ಡ್ರಿಲ್ ಮಾಡಿಸುವಾಗಲೂ ಸೀಟಿಯಲ್ಲಿ ಹಾಡು ಬರುತ್ತಿತ್ತು. ಹುಡುಗಿಯ ಅಪ್ಪ ಆಂಜಿನಪ್ಪ ಸಂಬಳ ಚೀಟಿ ಕೇಳಿದರು. ಲೋಕೇಶ್ ಎಂದಿನಂತೆ ಓದದೇ ಕಳಿಸಿಬಿಟ್ಟರು.

ಮೇಡಂ ರಜೆ ಮುಗಿಸಿ ಬಂದ ದಿನವೇ ಆಂಜಿನಪ್ಪ ಆಫೀಸಿಗೆ ಬಂದು ಕೂತರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಉರಿಯುವ ಮುಖ.

"ಏನಮ್ಮಾ ಇದು? ನಮ್ ಬಾಡಿಗೆ ಮನೆ ಉಡುಗ ಓದಿ ಏಳ್ದ. ಕುಟುಂಬ ಯೋಜನೆ ಭತ್ಯೆ ಅಂತೆ. ಎರಡು ಮಕ್ಳಾದ್ಮೇಲೆ ಆಪ್ರೇಸನ್ ಮಾಡಿಸ್ಕೊಂಡೋರ್ಗೆ ಕೊಡೋದಂತೆ! ಆ ಎರಡು ಮಕ್ಳು ಎಲ್ಲವ್ರೆ?"

ನಾನು ನಗು ತಡೆಯಲಾರದೆ ಬೀರುವಿನ ಹಿಂದೆ ಸರಿದೆ. ಮೇಡಂ ಚೀಟಿ ನೋಡಿ, "ಇದು ತಪ್ಪಾಗಿ ಬಿದ್ದಿದೆ, ಯಜಮಾನ್ರೇ" ಎಂದರು.

"ಸರ್ಕಾರದ ಕಾಗ್ದ ಸುಳ್ ಏಳ್ತದಾ? ಈ ಸಂಬಂಧ ಬ್ಯಾಡ, ಬುಡಿ."

"ಒಂದ್ನಿಮಿಷ. ಅದರ ಕೆಳಗಡೆ ಸಾಲೂ ನೋಡಿ. ಕಾಲಿನ ತೊಂದ್ರೆ ಇರೋರ್ಗೆ ಓಡಾಟದ ಭತ್ಯೆ. ಈಗ ಕಿಟಕಿ ಆಚೆ ನೋಡಿ."

ಮೈದಾನದಲ್ಲಿ ಲೋಕೇಶ್ ಮಕ್ಕಳಿಗೆ ಹೈಜಂಪ್ ತೋರಿಸುತ್ತಿದ್ದರು. ಓಡಿ ಬಂದು, ಕೋಲಿನ ಮೇಲೆ ಹಾರಿ, ಮರಳಿನಲ್ಲಿ ಬಿದ್ದು, ಚೆಂಡಿನಂತೆ ಎದ್ದರು.

ಆಂಜಿನಪ್ಪ ಬಾಯಿ ಬಿಟ್ಟುಕೊಂಡು ನೋಡಿದರು. ಆದರೂ ಬಿಡಲಿಲ್ಲ. "ಕಾಲು ಸರಿಯಾಗೈತೆ, ಒಪ್ದೆ. ಇನ್ನೊಂದು?"

ಮೇಡಂ ಕನ್ನಡ ಮೇಷ್ಟ್ರು ಚಿನ್ನಪ್ಪನವರನ್ನು ಕರೆಸಿದರು. ಎಳವೆಯಲ್ಲೇ ಪೋಲಿಯೊ ಆಗಿದ್ದ ಅವರು ಕೋಲೂರಿಕೊಂಡು ಬಂದು ತಮ್ಮ ಚೀಟಿ ಕೊಟ್ಟರು. ಅದರಲ್ಲಿ ಎರಡೂ ಭತ್ಯೆ ಇರಲಿಲ್ಲ. ಬಿಲ್ಲು ಮಾಡಿದವರು ಅವರ ಸಾಲಿನದನ್ನು ಕೆಳಗಿನ ಸಾಲಿನ ಲೋಕೇಶ್‌ಗೆ ಹಾಕಿಬಿಟ್ಟಿದ್ದರು!

"ಅಲ್ಲಾ ಯಜಮಾನ್ರೇ, ಆಪರೇಶನ್ ಮಾಡಿಸ್ಕೊಂಡೋನು ನಾನು, ಹೆಸರು ಅವನದಾ?" ಎಂದರು ಚಿನ್ನಪ್ಪ. "ಆ ಎರಡು ಮಕ್ಳೂ ನಮ್ಮನೇಲವೆ, ಬನ್ನಿ, ತೋರಿಸ್ತೀನಿ."

ಆಂಜಿನಪ್ಪ ನಕ್ಕ ನಗುವಿಗೆ ಕಿಟಕಿಯ ಪಾರಿವಾಳ ಹಾರಿಹೋಯಿತು. ಮೇಡಂ ಅಂದೇ ತಿದ್ದುಪಡಿ ಬರೆದು ಕಳಿಸಿದರು. ಒಳಗೆ ಬಂದ ಲೋಕೇಶ್‌ಗೆ ನಡೆದದ್ದೆಲ್ಲ ಹೇಳಿ, "ಓದ್ರೀ ಅಂದ್ರೆ ಓದಲ್ಲ. ಹುಡುಗಿ ಕೈ ತಪ್ಪೋಗ್ತಿತ್ತು ನೋಡಿ" ಎಂದಾಗ ಅವರ ತಲೆಯಿಂದ ಮರಳು ಉದುರುತ್ತಿತ್ತು.

ಮೊನ್ನೆ ಬೊಮ್ಮನಹಳ್ಳಿಯಲ್ಲಿ ನಿಶ್ಚಿತಾರ್ಥ. ಪುರೋಹಿತರು ಲಗ್ನಪತ್ರಿಕೆ ಬರೆದು ಮುಗಿಸಿದ ಕೂಡಲೇ ಆಂಜಿನಪ್ಪ ಅದನ್ನು ಎತ್ತಿ ವನಜಾ ಮೇಡಂ ಕೈಗೆ ಕೊಟ್ಟರು. "ನೀವ್ ಒಂದಪ ನೋಡ್ಬುಡಿ ತಾಯಿ."

ಮೇಡಂ ನೋಡಲಿಲ್ಲ. ಪತ್ರಿಕೆಯನ್ನು ಮದುಮಗನತ್ತ ಚಾಚಿ, "ಜೋರಾಗಿ" ಎಂದರು.

ಲೋಕೇಶ್ ಎದ್ದು ನಿಂತು, ಶ್ರೀಕಾರದಿಂದ ಶುರುಮಾಡಿ, ಒಂದಕ್ಷರ ಬಿಡದೆ ಓದಿದರು. ಬಿಂದುಶ್ರೀ ಹೆಸರು ಬಂದಾಗ ಮಾತ್ರ, ಯಾರೂ ಕೇಳದಿದ್ದರೂ, ಎರಡು ಸಲ ಓದಿದರು.