ಎಡಗೈಯ ಮೂರು ಬೆರಳು

ಓದುವ ಎಲ್ಲರಿಗೂ ಗೋವಾದ ಕೆಪೆಯಿಂದ ನಮಸ್ಕಾರ. ಮೀಸೆ ಬಂದ ಮೇಲೆ ಸಾಲೆ ಕಲಿತವನು ನಾನು. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರ ಎಡಗೈ ವಿಚಿತ್ರ ಪ್ರಾಣಿ. ಜನ್ಮವಿಡೀ ಸಂಗೀತದ ಮಗ್ಗುಲಲ್ಲೇ ಇದ್ದರೂ ಒಂದು ಸ್ವರವನ್ನೂ ಮುಟ್ಟಿರುವುದಿಲ್ಲ. ಹಿಂದಿನ ಹಲಗೆ ಒತ್ತಿ ಗಾಳಿ ಹಾಕುವುದಷ್ಟೇ ಅದರ ಪಾಲಿನ ಕೆಲಸ.

ನಮ್ಮ ಭಜನಾ ಮಂಡಳಿಯಲ್ಲಿ ಗದಗ, ಹುಬ್ಬಳ್ಳಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಹೆಚ್ಚು. ನಾನು ನೆಲಕ್ಕೆ ಫರಸಿ ಕಲ್ಲು ಕೂಡಿಸುವವನು. ವಾರವಿಡೀ ನನ್ನನ್ನು 'ಏ ಫರಸಿ' ಎಂದು ಕರೆಯುವವರು ಶನಿವಾರ ಸಂಜೆ ಪೇಟಿಯ ಮುಂದೆ ಕೂತಾಗ 'ಮಾಸ್ತರ' ಎನ್ನುತ್ತಾರೆ. ನನಗೆ ಈ ಊರಲ್ಲಿ ಇರುವ ಮರ್ಯಾದೆ ಆ ಒಂದು ಚಾಪೆಯಷ್ಟೇ ಅಗಲ.

ಹೋದ ವರ್ಷ ಮಂಡಳಿಯ ಮುಖ್ಯಸ್ಥ ಬಸಣ್ಣ ಕೀಬೋರ್ಡ್ ತಂದ. "ಮಾಸ್ತರ, ಇನ್ನ ಪೇಟಿ ಸಾಕ್ರಿ. ಇದರಾಗ ತಬಲಾ, ಗಿಟಾರ ಎಲ್ಲಾ ತಾನ ಬಾರಸ್ತೈತಿ. ಕಲೀರಿ. ಇಲ್ಲಾಂದ್ರ ಬ್ಯಾರೇದವರನ್ನ ನೋಡಬೇಕಾಕ್ಕೈತಿ" ಎಂದ.

ಅದರ ಎಡಭಾಗದ ಕೀಗಳು ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ, ಮೀಸಲು. ಒಂದೇ ಕೀ ಒತ್ತಿದರೂ ಇಡೀ ವಾದ್ಯಮೇಳ ಆ ಸ್ವರದ ಬೆನ್ನು ಹತ್ತುವುದು ಸಿಂಗಲ್ ಫಿಂಗರ್; ಮೂರು ಒಟ್ಟಿಗೆ ಒತ್ತಿದರೆ ಅದಕ್ಕೆ ತಿಳಿಯದು. ಮೂರು ಸ್ವರ ಸರಿಯಾಗಿ ಕೂಡಿಸಿ ಒತ್ತಿದರೆ ಮಾತ್ರ ಒಪ್ಪುವುದು ಫಿಂಗರ್ಡ್. ಸುಲಭದ್ದನ್ನೇ ಮೊದಲು ಹಿಡಿದೆ. ಆದರೆ ಎಡಗೈ ಹಳೆಯ ಚಟ ಬಿಡಲಿಲ್ಲ. ತಾಳಕ್ಕೆ ಸರಿಯಾಗಿ ಮುಂದಕ್ಕೂ ಹಿಂದಕ್ಕೂ ಆಡುತ್ತ, ಇಲ್ಲದ ಹಲಗೆಗೆ ಗಾಳಿ ಹಾಕುತ್ತಿತ್ತು. ಪ್ರತಿಸಲ ಯಾವುದೋ ಕೀ ತಾಗಿ, ಕಾರ್ಡ್ ಬದಲಾಗಿ, ಭಜನೆ ಮದುವೆಯ ಬ್ಯಾಂಡಿನ ಕಡೆ ಹೊರಳುತ್ತಿತ್ತು. ಫಿಂಗರ್ಡ್‌ನಲ್ಲಿ ಒಂಟಿ ಕೀ ತಾಗಿದರೆ ಯಂತ್ರ ಕ್ಯಾರೇ ಅನ್ನುವುದಿಲ್ಲ. ಹೀಗಾಗಿ ಕಷ್ಟದ್ದೇ ನನಗೆ ಕ್ಷೇಮವಾಯಿತು.

ಕಲಿಸಿದವರು ಚರ್ಚಿನಲ್ಲಿ ಬಹಳ ಕಾಲ ನುಡಿಸಿದ ನೆರೆಮನೆಯ ಮಾರ್ಟಿನ್ ಅಂಕಲ್. "ದಾವೋ ಹಾತ್, ಬಾಬ, ದಾವೋ! ಹವಾ ಮತ್ ಮಾರೋ!" ಎಂದು ಕೊಂಕಣಿಗೆ ಹಿಂದಿ ಬೆರೆಸಿ, ಗಾಳಿ ಹಾಕಬೇಡವೆಂದು ನನ್ನ ಎಡಗೈಯನ್ನು ಗದರುತ್ತಿದ್ದರು. ನಮ್ಮ ಸ್ವರಗಳು ಒಬ್ಬೊಬ್ಬರೇ ನಡೆಯುವ ಜಂಗಮರು. ಅವರ ಸ್ವರಗಳು ಮನೆಮಂದಿಯೆಲ್ಲ ಕೈಹಿಡಿದು ಚರ್ಚಿಗೆ ಹೊರಟಂತೆ. ಜಂಗಮನಿಗೆ ಸಂಸಾರ ಕಲಿಸಲು ಒಂದು ಮಳೆಗಾಲ ಹಿಡಿಯಿತು. ಊಟಕ್ಕೆ ಕೂತಾಗಲೂ ಬೆರಳು ತೊಡೆಯ ಮೇಲೆ ಒತ್ತುತ್ತಿದ್ದವು. "ತೊಡಿ ಬಿಡ್ರಿ, ರೊಟ್ಟಿ ಮುರೀರಿ. ತೊಡಿ ಬಾರಿಸಿದ್ರ ಹೊಟ್ಟಿ ತುಂಬತೈತೇನು?" ಎಂದು ಹೆಂಡತಿ ಯಲ್ಲವ್ವ ಚುಚ್ಚುತ್ತಿದ್ದಳು.

ಪಣಜಿಯಲ್ಲಿ ಕನ್ನಡಿಗರ ಕಾರ್ಯಕ್ರಮಕ್ಕೆ ಮಂಡಳಿಯನ್ನು ಕರೆದರು. ಮೊದಲ ಪದಕ್ಕೆ ನಾನು ಮೂರು ಬೆರಳು ಒತ್ತಿದೆ. ಯಂತ್ರ ನನ್ನ ಬೆರಳಿಗೆ ಕಿವಿಗೊಡಲಿಲ್ಲ. ಹಾಡು ಮುಂದೆ ಹೋದರೂ ವಾದ್ಯಗಳೆಲ್ಲ ಮೊದಲಿನ ಸ್ವರದಲ್ಲೇ ಬೇರುಬಿಟ್ಟವು. ಹಾಡುವವರು ತಿರುಗಿ ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಪದ ಮುಗಿದಾಗ ಬಸಣ್ಣ ಮೈಕಿನ ಹತ್ತಿರವೇ ಬಗ್ಗಿ ಹೇಳಿದ: "ಮಾಸ್ತರ, ಒಂದ ಬೆರಳ ಒತ್ತರಿ! ನಾನ ಸಿಂಗಲ್ ಫಿಂಗರ್ ಮಾಡೇನಿ. ವಯಸ್ಸಾಗೇತಿ, ನಿಮಗ ತ್ರಾಸ ಬ್ಯಾಡಂತ."

ಸಭೆಗೆಲ್ಲ ಕೇಳಿತು. ತಿರುಗಿ ಬದಲಿಸುವ ಗುಂಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹಾಡುವವರು ಮುಂದಿನದನ್ನು ಎತ್ತಿಕೊಂಡರು. ಎರಡನೆಯ ಪದಕ್ಕೆ ಉಳಿದ ಬೆರಳುಗಳನ್ನು ಅಂಗೈಯಲ್ಲಿ ಮಡಚಿ, ತೋರುಬೆರಳೊಂದನ್ನೇ ಒತ್ತಿದೆ. ಚಪ್ಪಾಳೆಯೋ ಚಪ್ಪಾಳೆ. "ಏನ್ ನುಡಿಸಿದ್ರೀ ಯಜಮಾನ್ರ, ಭಾಳ ಚಲೋ!" ಎಂದು ಪೇಟಾ ಸುತ್ತಿದವರೊಬ್ಬರು ಕೈಕುಲುಕಿದರು. ನನ್ನದಲ್ಲದ್ದಕ್ಕೆ ಸಿಕ್ಕಿದ ಹೊಗಳಿಕೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ. ನುಂಗಲೂ ಆಗದು, ಉಗುಳಲೂ ಆಗದು.

ಬರುವಾಗ ಬಸ್ಸಿನಲ್ಲಿ ಬಸಣ್ಣ ಯೋಚನೆಗೆ ಬಿದ್ದಿದ್ದ. ಮಡಗಾಂವ ದಾಟುವಷ್ಟರಲ್ಲಿ ಯೋಚನೆ ಹಣ್ಣಾಯಿತು. "ಅಲ್ರೀ, ಒಂದ ಬೆರಳ ಸಾಕಂದ್ರ ನಮ್ಮ ಅಳಿಯಾನೂ ನುಡಿಸ್ತಾನಲ್ರಿ. ನೀವು ಆರಾಮ ತಾಳ ಹಿಡೀರಿ."

ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಅವನು ಕೆಟ್ಟದ್ದೇನೂ ಮಾಡಿಲ್ಲ. ಕಾಲು ಹಿಡಿದು ಎಳೆದವನ ಜೊತೆ ಜಗಳವಾಡಬಹುದು. ಉಪಕಾರ ಮಾಡಿ ಜಾಗದಿಂದ ಎಬ್ಬಿಸಿದವನಿಗೆ ಏನನ್ನುವುದು? ಈಗ ಶನಿವಾರ ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕೂರುತ್ತೇನೆ. ಅಳಿಯ ಒಂದು ಬೆರಳು ಒತ್ತುತ್ತಾನೆ, ಇನ್ನೊಂದು ಕೈಯಲ್ಲಿ ಫೋನು ನೋಡುತ್ತಾನೆ. ಅವನನ್ನೂ ಎಲ್ಲರೂ ಮಾಸ್ತರ ಎನ್ನುತ್ತಾರೆ.

ನಿಮ್ಮ ಕೆಲಸವನ್ನೂ ಯಾರಾದರೂ ಸುಲಭ ಮಾಡಿಕೊಟ್ಟಿದ್ದರೆ ನಾಲ್ಕು ಸಾಲು ಬರೆದು ತಿಳಿಸಿ. ಆಮೇಲೆ ನಿಮ್ಮ ಜಾಗದಲ್ಲಿ ಯಾರು ಕೂತರು ಎಂಬುದನ್ನೂ ಬರೆಯಿರಿ.